ನೆಗಡಿ ಎದೆಗಿಳಿದಾಗ ಮನೆಯಲ್ಲೇ ಉಸಿರು ಎಣಿಸುವುದು ಹೇಗೆ

ಮುಧೋಳ ತಾಲ್ಲೂಕಿನಲ್ಲಿ ಕಬ್ಬಿನ ಹಂಗಾಮು ಜೋರಾಗಿದ್ದ ಒಂದು ಜನವರಿ. ಘಟಪ್ರಭೆಯ ದಂಡೆಯ ಹೊಲವೊಂದರಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರ ಜೋಪಡಿಗಳಿದ್ದವು. ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೋಗಿದ್ದೆ. ಏಳು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ತಾಯಿ, ‘ನರ್ಸಬಾಯಾರ, ಬರೇ ನೆಗಡಿ ಐತ್ರಿ. ಜ್ವರಾ ಏನಿಲ್ಲ. ಮೂರು ದಿನದಿಂದ ಕೆಮ್ಮತಿತ್ತು, ಇವತ್ತ ಅದೂ ಕಡಿಮಿ ಆಗೇತಿ’ ಅಂದಳು.

ಮೈ ಮುಟ್ಟಿ ನೋಡಿದೆ, ಬಿಸಿ ಇರಲಿಲ್ಲ. ಅಂಗಿ ಮೇಲೆತ್ತಿದೆ. ಪಕ್ಕೆಲುಬಿನ ಕೆಳಗಿನ ಮೆತ್ತನೆ ಜಾಗ ಒಂದೊಂದು ಉಸಿರಿಗೂ ಗುಳಿ ಬೀಳುತ್ತಿತ್ತು. ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 68. ಮತ್ತೊಮ್ಮೆ ಎಣಿಸಿದಾಗ 66. ಕೆಮ್ಮು ಕಡಿಮೆಯಾಗಿದ್ದು ರೋಗ ಇಳಿದದ್ದಕ್ಕಲ್ಲ, ಕೆಮ್ಮುವ ತ್ರಾಣ ಆ ಕೂಸಿಗೆ ಉಳಿದಿರಲಿಲ್ಲ. 108ಕ್ಕೆ ಫೋನ್ ಮಾಡಿ ಅವತ್ತೇ ಸಾಗಿಸಿದೆವು. ಆಮ್ಲಜನಕದ ಮೇಲೆ ಮೂರು ದಿನ ಇದ್ದು ಮಗು ಗುಣವಾಗಿ ಜೋಪಡಿಗೆ ಮರಳಿತು.

ಬಾಗಲಕೋಟೆ ಜಿಲ್ಲೆಯ ಉಪಕೇಂದ್ರಗಳಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಇಷ್ಟು ವರ್ಷಗಳಲ್ಲಿ ಮನೆಮನೆಗೆ ಹೋಗಿ ನಾನು ಕಲಿಸಲು ಹೆಣಗಿದ್ದು ಇದೊಂದನ್ನೇ. ನೆಗಡಿ, ಫ್ಲೂ, ಕೋವಿಡ್ ಯಾವುದೇ ಇರಲಿ, ಜ್ವರ ಎಷ್ಟಿದೆ, ಕೆಮ್ಮು ಎಷ್ಟಿದೆ ಎಂದು ನೋಡುವ ಮೊದಲು ಉಸಿರು ಎಣಿಸಿ. ಇದಕ್ಕೆ ಖರ್ಚಿಲ್ಲ. ಓದು ಬರಹ ಬಾರದ ಅಜ್ಜಿಯರೂ ನನ್ನಿಂದ ಕಲಿತಿದ್ದಾರೆ.

ಮೊದಲು ಒಳಗೆ ಏನಾಗುತ್ತದೆ ಎಂದು ತಿಳಿದುಕೊಳ್ಳಬೇಕು. ರೈತರ ಮನೆಗಳಲ್ಲಿ ನಾನು ಡ್ರಿಪ್ ಪೈಪಿನ ಉದಾಹರಣೆ ಕೊಡುತ್ತಿದ್ದೆ. ಬೋರಿನಿಂದ ಬಂದ ದೊಡ್ಡ ಪೈಪು ಕವಲೊಡೆದು, ಆ ಕವಲು ಮತ್ತೆ ಕವಲೊಡೆದು, ಕೊನೆಗೆ ಹನಿ ಬೀಳುವ ಸಣ್ಣ ತೂತಿಗೆ ಬಂದು ನಿಲ್ಲುತ್ತದಲ್ಲ, ಶ್ವಾಸನಾಳವೂ ಹಾಗೆಯೇ. ಸುಮಾರು 23 ಸಲ ಕವಲೊಡೆದು ಕೊನೆಗೆ ಪುಟ್ಟ ಗಾಳಿಚೀಲಗಳಿಗೆ ಮುಟ್ಟುತ್ತದೆ. ಎರಡೂ ಪುಪ್ಪಸ ಸೇರಿ ಇಂಥ ಚೀಲಗಳು ಸುಮಾರು 30 ಕೋಟಿ. ತಿಕೋಟಾ ಕಡೆಯ ದ್ರಾಕ್ಷಿ ಗೊನೆ ನೋಡಿದವರಿಗೆ ಅವು ಹೇಗಿರುತ್ತವೆ ಎಂದು ಬೇರೆ ಹೇಳಬೇಕಿಲ್ಲ. ಒಂದೊಂದು ಚೀಲದ ಗೋಡೆಯನ್ನೂ ರಕ್ತದ ಸಣ್ಣ ನಾಳಗಳು ಬಲೆಯಂತೆ ಸುತ್ತಿರುತ್ತವೆ. ಆಮ್ಲಜನಕ ರಕ್ತಕ್ಕೆ ಇಳಿಯುವುದು ಅಲ್ಲಿಯೇ.

ಕೊಳವೆಗಳ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಗಾಳಿಗೆ ಒಂದೇ ಕಡೆ ಬಾಗುವ ಜೋಳದ ಪೈರಿನಂತೆ ಅವು ಎಡೆಬಿಡದೆ ಬಡಿಯುತ್ತ ಕಫವನ್ನೂ ಧೂಳನ್ನೂ ಗಂಟಲ ಕಡೆಗೆ ದೂಡುತ್ತಿರುತ್ತವೆ. ವೈರಾಣು ಹೊಕ್ಕಾಗ ಈ ಒಳಮೈಯ ಜೀವಕೋಶಗಳೇ ಸಾಯುತ್ತವೆ. ರೋಮಗಳ ಬಡಿತ ನಿಂತು ಕಫ ಇದ್ದಲ್ಲೇ ಕಟ್ಟಿಕೊಳ್ಳುತ್ತದೆ. ವೈರಾಣುವಿನ ಜೊತೆ ಮೈ ಹೂಡುವ ಹೋರಾಟದಿಂದ ಕೊಳವೆಯ ಗೋಡೆ ಬಾತು ದಾರಿ ಇಕ್ಕಟ್ಟಾಗುತ್ತದೆ. ಕೊಳವೆಯ ಒಳವ್ಯಾಸ ಅರ್ಧಕ್ಕೆ ಇಳಿದರೆ ಗಾಳಿಗೆ ಎದುರಾಗುವ ತಡೆ 16 ಪಟ್ಟು ಏರುತ್ತದೆ. ದೊಡ್ಡವರ ಕೊಳವೆ ಅಗಲ, ಸ್ವಲ್ಪ ಬಾತರೂ ನಡೆಯುತ್ತದೆ. ಕೂಸಿನ ಕೊಳವೆ ಮೊದಲೇ ಸಣ್ಣದು. ಅಪ್ಪನಿಗೆ ಬರೀ ಮೂಗು ಸೋರಿಸಿ ಹೋಗುವ ಆರ್‌ಎಸ್‌ವಿ ಎಂಬ ವೈರಾಣು ಅದೇ ಮನೆಯ ಮೂರು ತಿಂಗಳ ಮಗುವನ್ನು ಆಸ್ಪತ್ರೆಗೆ ಕಳಿಸುವುದು ಇದೇ ಕಾರಣಕ್ಕೆ. ಇಂಥ ಮಕ್ಕಳಲ್ಲಿ ಉಸಿರಿನ ತೊಂದರೆ ಹೆಚ್ಚಾಗುವುದು ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದ ನಡುವೆ. ಜೋಪಡಿಯ ಕೂಸಿಗೂ ಅದು ಮೂರನೆಯ ದಿನವೇ ಆಗಿತ್ತು.

ವೈರಾಣು ಇನ್ನೂ ಕೆಳಗಿಳಿದು ಗಾಳಿಚೀಲಗಳನ್ನೇ ಹಿಡಿದರೆ ಅದು ನ್ಯುಮೋನಿಯಾ. ಚೀಲಗಳಲ್ಲಿ ಗಾಳಿಯ ಬದಲು ನೀರು, ಕೀವು ತುಂಬುತ್ತವೆ. ಉಸಿರು ಒಳಗೆ ಹೋದರೂ ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ. ನೀರು ಕುಡಿದ ಪುಪ್ಪಸ ಬಿಗಿಯಾಗುವುದರಿಂದ ಒಂದು ಉಸಿರಿಗೆ ಹಿಡಿಯುವ ಗಾಳಿಯೂ ಕಡಿಮೆ. ಆ ಕೊರತೆ ತುಂಬಿಕೊಳ್ಳಲು ಮೈ ಉಸಿರಿನ ಎಣಿಕೆ ಏರಿಸುತ್ತದೆ. ತುಟಿ ನೀಲಿಯಾಗುವ ಎಷ್ಟೋ ಮೊದಲೇ ಎಣಿಕೆ ಏರಿರುತ್ತದೆ.

ಈಗ ಎಣಿಸುವ ಬಗೆ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಬೆಳಕಿದ್ದ ಕಡೆ ಮಲಗಿಸಿ ಅಂಗಿಯನ್ನು ಎದೆಯ ತನಕ ಎತ್ತಿ. ಚಳಿಗಾಲದಲ್ಲಿ ನಾಲ್ಕು ಪದರ ಕುಲಾಯಿ ಸ್ವೆಟರಿನ ಮೇಲಿಂದಲೇ ನೋಡಿ ‘ಎಲ್ಲಾ ಬರೋಬ್ಬರಿ ಐತಿ’ ಎನ್ನುವವರನ್ನು ಬಹಳ ಕಂಡಿದ್ದೇನೆ. ಬಟ್ಟೆಯ ಮೇಲಿಂದ ಏನೂ ತಿಳಿಯುವುದಿಲ್ಲ. ಹೊಟ್ಟೆ ಮತ್ತು ಎದೆ ಸೇರುವ ಜಾಗದ ಮೇಲೆ ಕಣ್ಣಿಡಿ. ಒಮ್ಮೆ ಏರಿ ಇಳಿದರೆ ಒಂದು. ಮೊಬೈಲಿನ ಟೈಮರ್‌ಗೆ 60 ಸೆಕೆಂಡ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ.

ಪೂರ್ತಿ ನಿಮಿಷ ಎಂದು ಒತ್ತಿ ಹೇಳಲು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರಗೆ ಬಸ್ ಹಾರ್ನ್ ಹೊಡೆಯುತ್ತಿದೆಯೆಂದು ಒಂದೂವರೆ ತಿಂಗಳ ಮಗುವಿನ ಉಸಿರನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದೆ. 44 ಬಂತು. ಸರಿ ಇದೆ ಎಂದು ಹೇಳಿ ಬಂದೆ. ಸಂಜೆ ಅದೇ ಮಗುವನ್ನು ವೈದ್ಯರ ಬಳಿ ಒಯ್ದಾಗ ಪೂರ್ತಿ ನಿಮಿಷಕ್ಕೆ 64 ಇತ್ತು. ಎಳೆ ಮಕ್ಕಳ ಉಸಿರು ಒಂದೇ ಹದದಲ್ಲಿ ಇರುವುದಿಲ್ಲ. ಸರಸರ ಹತ್ತು ಉಸಿರು ತೆಗೆದು ಮೂರು ನಾಲ್ಕು ಸೆಕೆಂಡ್ ಸುಮ್ಮನಾಗುತ್ತವೆ. ನಾನು ಎಣಿಸಿದ್ದು ಆ ಸುಮ್ಮನಾದ ಹೊತ್ತನ್ನು. ಮಗು ಉಳಿಯಿತು. ಆ ಮನೆಯ ಅಜ್ಜಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದು ನನಗೆ ಇನ್ನೂ ಭಾರವಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗೆರೆಗಳು ಹೀಗಿವೆ, ಕ್ಯಾಲೆಂಡರಿನ ಹಿಂಬದಿಗೆ ಬರೆದಿಟ್ಟುಕೊಳ್ಳಿ. ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದ ಒಳಗಿನವರಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು. ಇಷ್ಟಕ್ಕೆ ಮುಟ್ಟಿದರೆ ಅದು ವೇಗದ ಉಸಿರು, ಅವತ್ತೇ ವೈದ್ಯರಿಗೆ ತೋರಿಸಬೇಕು. ಎರಡು ತಿಂಗಳ ಒಳಗಿನ ಕೂಸಿಗೆ 60 ಬಂದರೆ ತಕ್ಷಣ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಜ್ವರವಿದ್ದಾಗ ಉಸಿರು ತುಸು ಹೆಚ್ಚೇ ಇರುತ್ತದೆ. ದೊಡ್ಡ ಮಗುವಾದರೆ ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿದ ಮೇಲೆ ಮತ್ತೆ ಎಣಿಸಿ ನೋಡಬಹುದು. ಎರಡು ತಿಂಗಳ ಒಳಗಿನ ಕೂಸಿಗಾದರೆ ಜ್ವರ ಬಂದದ್ದೇ ಆಸ್ಪತ್ರೆಗೆ ಹೋಗಲು ಸಾಕಾದ ಕಾರಣ.

ಎಣಿಕೆಯ ಜೊತೆ ಕಣ್ಣಿಗೆ ಕಾಣುವುದೂ ಇದೆ. ಉಸಿರು ಎಳೆದಾಗ ಪಕ್ಕೆ ಒಳಗೆ ಸೆಳೆಯುವುದು, ಮೂಗಿನ ಹೊಳ್ಳೆ ಅರಳುವುದು, ಉಸಿರು ಬಿಡುವಾಗ ‘ಹ್ಞಂ ಹ್ಞಂ’ ಎಂದು ನರಳುವುದು, ಮೊಲೆ ಹಿಡಿದು ಎರಡು ಗುಟುಕಿಗೇ ಬಿಟ್ಟುಬಿಡುವುದು, ಎಬ್ಬಿಸಿದರೂ ಕಣ್ಣು ತೆರೆಯದೆ ಮಂಕಾಗಿ ಬಿದ್ದಿರುವುದು. ಇವುಗಳಲ್ಲಿ ಒಂದು ಕಂಡರೂ ಎಣಿಕೆ ಎಷ್ಟೇ ಇರಲಿ, ಹೊರಡಿ. ನಮ್ಮ ಮೈಬಣ್ಣದಲ್ಲಿ ನೀಲಿ ಬೇಗ ಕಾಣುವುದಿಲ್ಲ. ತುಟಿಯ ಒಳಭಾಗ, ನಾಲಿಗೆ ನೋಡಿ. ಉಸಿರು ತೀರ ದಣಿದಾಗ ಎಣಿಕೆ ಕೆಳಗಿಳಿಯುವುದೂ ಉಂಟು. 70 ಇದ್ದದ್ದು 35ಕ್ಕೆ ಬಂದು ಮಗು ತೂಕಡಿಸುತ್ತಿದ್ದರೆ ಅದು ಎಲ್ಲಕ್ಕಿಂತ ಅಪಾಯದ ಹೊತ್ತು.

ದೊಡ್ಡವರಲ್ಲಿ ಸಾಮಾನ್ಯ ಎಣಿಕೆ ನಿಮಿಷಕ್ಕೆ 12ರಿಂದ 20. ಸುಮ್ಮನೆ ಕೂತಾಗಲೂ 24 ದಾಟಿದರೆ ಆ ದಿನವೇ ವೈದ್ಯರನ್ನು ಕಾಣಬೇಕು. 30 ಮುಟ್ಟಿದರೆ ತಡಮಾಡದೆ ಆಸ್ಪತ್ರೆ. ಐದು ವರ್ಷ ದಾಟಿದ ಮಕ್ಕಳಿಗೂ ನಾನು 30ರ ಗೆರೆಯನ್ನೇ ಹಿಡಿಯುತ್ತೇನೆ. ‘ಮಾಮಾ, ನಿಮ್ಮ ಉಸಿರ ಎಣಸ್ತೇನಿ’ ಎಂದು ಹೇಳಿ ಎಣಿಸಿದರೆ ಅವರಿಗೆ ತಿಳಿಯದಂತೆಯೇ ಉಸಿರು ಬದಲಾಗುತ್ತದೆ. ಅದಕ್ಕೆ ನಾವು ನರ್ಸುಗಳು ಮಣಿಕಟ್ಟು ಹಿಡಿದು ನಾಡಿ ನೋಡುವಂತೆ ಕೂತು ಎದೆಯ ಏರಿಳಿತ ಎಣಿಸುತ್ತೇವೆ. ನೀವೂ ಹಾಗೇ ಮಾಡಿ. ಜೊತೆಗೆ ಮಾತಾಡಿಸಿ. ಒಂದು ಪೂರ್ತಿ ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ಉಸಿರು ಎಳೆದುಕೊಂಡರೆ ಅದೂ ಲೆಕ್ಕಕ್ಕೆ ಬಂತು. ಎಪ್ಪತ್ತು ದಾಟಿದವರಲ್ಲಿ ಜ್ವರವೂ ಇಲ್ಲದೆ, ಕೆಮ್ಮೂ ಇಲ್ಲದೆ, ರೊಟ್ಟಿ ಬೇಡ ಎನ್ನುವುದು, ಮಾತು ತಪ್ಪುವುದು, ಹೊತ್ತಿನ ಗೊತ್ತಿಲ್ಲದಿರುವುದು ನ್ಯುಮೋನಿಯಾದ ಮೊದಲ ಗುರುತಾಗಿರಬಹುದು.

2021ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ನನ್ನ ಯಜಮಾನರ ಅಣ್ಣ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ಮಹಾಲಿಂಗಪುರದ ಬೆಲ್ಲದ ದರದ ಮಾತಾಡುತ್ತಿದ್ದರು. ಜ್ವರ ಬಂದು ಎಂಟನೆಯ ದಿನ. ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಎಂದು ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಹಾಕಿದರೆ 86. ‘ನನಗೇನ ಆಗಿಲ್ಲ ಬಿಡವಾ, ನಿನ್ನ ಮಶೀನ್ ಕೆಟ್ಟೈತಿ’ ಅಂದರು. ನಾನೂ ಒಂದು ಗಳಿಗೆ ನಂಬಿದೆ. ಐದು ಬೆರಳಿಗೂ ಬದಲಿಸಿ ನೋಡಿದೆ. ಆಮೇಲೆ ನಾಡಿ ಹಿಡಿದ ಹಾಗೆ ಕೂತು ಎಣಿಸಿದೆ, 32. ಎರಡು ಕಡೆ ಹಾಸಿಗೆ ಇಲ್ಲವೆಂದು ತಿರುಗಿಸಿ ಕಳಿಸಿದರು, ಮೂರನೆಯ ಕಡೆ ಸಿಕ್ಕಿತು. 11 ದಿನ ಆಮ್ಲಜನಕದ ಮೇಲಿದ್ದು ಬಂದರು.

ಅಷ್ಟು ಕೊರತೆಯಿದ್ದರೂ ಅವರಿಗೆ ಉಸಿರು ಕಟ್ಟಿದಂತೆ ಏಕೆ ಅನ್ನಿಸಲಿಲ್ಲ? ಉಸಿರುಗಟ್ಟುವ ಸಂಕಟವನ್ನು ಮಿದುಳು ಹೆಚ್ಚಾಗಿ ಅಳೆಯುವುದು ಇಂಗಾಲದ ಡೈಆಕ್ಸೈಡಿನಿಂದ. ಅದು ಕೆಟ್ಟ ಪುಪ್ಪಸದಿಂದಲೂ ಸುಲಭವಾಗಿ ಹೊರಬೀಳುತ್ತದೆ. ಹಾಗಾಗಿ ಆಮ್ಲಜನಕ ಕುಸಿಯುತ್ತಿದ್ದರೂ ಸಂಕಟ ಕಾಣುವುದಿಲ್ಲ. ‘ಆರಾಮ ಅದೇನಿ’ ಎಂಬ ಮಾತನ್ನು ನಂಬಿ ಕೂರಬಾರದು.

ಆಕ್ಸಿಮೀಟರ್ ಮನೆಯಲ್ಲಿದ್ದರೆ ಬಳಸುವ ಕ್ರಮ ಗೊತ್ತಿರಲಿ. ಹತ್ತು ನಿಮಿಷ ಕೂತು ವಿಶ್ರಾಂತಿ ಪಡೆದ ಮೇಲೆ ನೋಡಬೇಕು. ಉಗುರಿನ ಬಣ್ಣ ತೆಗೆಯಿರಿ. ಕಪ್ಪೇರಿದ ಮದರಂಗಿಯೂ ಅಂಕಿ ತಪ್ಪಿಸಬಹುದು, ಮದುವೆಯ ಮನೆಯಲ್ಲಿ ಇದನ್ನು ನೆನಪಿಡಿ. ಡಿಸೆಂಬರ್ ಬೆಳಗಿನಲ್ಲಿ ಬೆರಳು ತಣ್ಣಗಿದ್ದರೆ ಅಂಗೈ ಉಜ್ಜಿ ಬಿಸಿ ಮಾಡಿ. ಅಂಕಿ ಕುಣಿಯುವುದು ನಿಂತು ಒಂದು ನಿಮಿಷ ಒಂದೇ ಕಡೆ ಇದ್ದದ್ದನ್ನು ಬರೆದುಕೊಳ್ಳಿ. 95 ಅಥವಾ ಅದಕ್ಕಿಂತ ಮೇಲೆ ಇದ್ದರೆ ಸರಿ. 94ಕ್ಕೆ ಇಳಿದರೆ ವೈದ್ಯರಿಗೆ ಹೇಳಿ. 90 ಆದರೆ ಹೇಳುವುದು ಕೇಳುವುದು ಏನೂ ಬೇಡ, ಹೊರಡಿ. ಬಹಳ ವರ್ಷ ಬೀಡಿ ಸೇದಿದವರಿಗೆ, ಒಲೆಯ ಹೊಗೆಯಲ್ಲೇ ಬದುಕು ಸವೆಸಿ ಪುಪ್ಪಸ ಕೆಡಿಸಿಕೊಂಡ ತಾಯಂದಿರಿಗೆ ಆರೋಗ್ಯವಾಗಿದ್ದಾಗಲೇ ಅಂಕಿ ಕಡಿಮೆ ಇರಬಹುದು. ಅವರದು ಎಷ್ಟಿರುತ್ತದೆ ಎಂದು ಮೊದಲೇ ನೋಡಿಟ್ಟುಕೊಂಡರೆ ಇಳಿದದ್ದು ತಿಳಿಯುತ್ತದೆ. ಕಪ್ಪು ಚರ್ಮದಲ್ಲಿ ಈ ಯಂತ್ರ ಇದ್ದದ್ದಕ್ಕಿಂತ ಹೆಚ್ಚು ತೋರಿಸುವುದೂ ಉಂಟು. ಯಂತ್ರ 95 ಎಂದರೂ ಎಣಿಕೆ 30 ಇದ್ದರೆ ನಾನು ಎಣಿಕೆಯನ್ನೇ ನಂಬುತ್ತೇನೆ.

ಎಣಿಕೆ ಸರಿ ಇದ್ದು ಮನೆಯಲ್ಲೇ ನೋಡಿಕೊಳ್ಳುವುದಾದರೆ, ಹಾಲು ನೀರು ಬಿಡಬೇಡಿ. ಕೂಸಿಗೆ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ ಮೊಲೆ ಕೊಡಿ. ಮೂಗು ಕಟ್ಟಿದ ಕೂಸಿಗೆ ಬಾಯಿಂದ ಉಸಿರಾಡುತ್ತ ಹಾಲು ಕುಡಿಯಲು ಆಗುವುದಿಲ್ಲ. ಕುಡಿಸುವ ಮುಂಚೆ ಔಷಧ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಮೂಗಿನ ಹನಿ ಒಂದೆರಡು ಬಿಟ್ಟು ಒರೆಸಿ. ಪ್ಯಾರಾಸಿಟಮಾಲ್ ಸಿರಪ್ಪು 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವುದೂ ಇದೆ, 250 ಇರುವುದೂ ಇದೆ. ಬಾಟಲಿ ಓದಿ, ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಆರು ತಾಸಿಗೆ ಒಮ್ಮೆ ಮಾತ್ರ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಒಂದು ವರ್ಷದೊಳಗೆ ಜೇನುತುಪ್ಪವೂ ಬೇಡ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಬೆರೆಸಿದ ನೆಗಡಿ ಸಿರಪ್ಪನ್ನು ನಾಲ್ಕು ವರ್ಷದೊಳಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಹಳೆಯ ಚೀಟಿ ತೋರಿಸಿ ತಂದ ಆ್ಯಂಟಿಬಯೋಟಿಕ್ ಮಾತ್ರೆ ವೈರಾಣುವಿಗೆ ನಾಟುವುದಿಲ್ಲ.

ನಮ್ಮ ಕಡೆಯ ಬಾಣಂತಿ ಕೋಣೆಯ ಬಗ್ಗೆ ಹೇಳದೆ ಇರಲಾರೆ. ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಕೂಸಿಗೆ ಎರೆದ ಮೇಲೆ ಲೋಬಾನದ ಹೊಗೆ ಹಾಕುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ, ನನ್ನ ತಾಯಿಯೂ ಮಾಡಿದಳು. ಆದರೆ ಆ ಹೊಗೆ ನೆಗಡಿಯಾದ ಕೂಸಿನ ಬಾತ ಕೊಳವೆಗೆ ಇನ್ನಷ್ಟು ಕೇಡು. ತೊಗರಿ ಕಟ್ಟಿಗೆಯ ಒಲೆಯ ಪಕ್ಕ ಕೂಸಿನ ತೊಟ್ಟಿಲು ಇರದಿರಲಿ. ಹೊಲದಲ್ಲಿ ರವದಿ (ಕಬ್ಬಿನ ಒಣ ಎಲೆ) ಸುಡುವ ದಿನ ಕೂಸನ್ನು ದೂರ ಒಯ್ಯಿರಿ. ಮೂಗಿಗೆ ಎಣ್ಣೆ ಬಿಡಬೇಡಿ, ಅದು ಪುಪ್ಪಸಕ್ಕೆ ಇಳಿದರೆ ಬೇರೊಂದು ನ್ಯುಮೋನಿಯಾ. ಬಿಸಿನೀರಿನ ಹಬೆಯಿಂದ ಸುಟ್ಟುಕೊಂಡ ಮಕ್ಕಳಿಗೆ ನಾನೇ ಮುಲಾಮು ಹಚ್ಚಿದ್ದೇನೆ. ಇನ್ನು, ಪಕ್ಕೆ ಎಳೆಯುವ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕಿಸುವುದು. ದಯವಿಟ್ಟು ಬೇಡ. ಉಸಿರಿಗೆ ಒದ್ದಾಡುವ ಕೂಸು ನೋವಿಗೆ ಅತ್ತರೆ ಇದ್ದ ಆಮ್ಲಜನಕವನ್ನೂ ಖರ್ಚು ಮಾಡಿಕೊಳ್ಳುತ್ತದೆ. ಸುಟ್ಟ ಗಾಯ ಕೀವಾಗುತ್ತದೆ, ಆಸ್ಪತ್ರೆಗೆ ಹೋಗುವ ಹೊತ್ತು ಕೈತಪ್ಪುತ್ತದೆ. ಮಾತು ಕೇಳದ ಮನೆಗಳಲ್ಲಿ ನಾನು ಅಜ್ಜಿಯ ಕೈಗೇ ಗಡಿಯಾರ ಕೊಟ್ಟು ಎಣಿಸಲು ಹೇಳುತ್ತಿದ್ದೆ. ತಾನೇ ಎಣಿಸಿ 62 ಬಂದಾಗ ಅಜ್ಜಿಯೇ ಚಪ್ಪಲಿ ಮೆಟ್ಟಿ ಹೊರಟದ್ದು ನೋಡಿದ್ದೇನೆ.

ದೊಡ್ಡವರಿಗೆ ಒರಗಿ ಕೂತರೆ ಉಸಿರು ಹಗುರ. ಆಸ್ಪತ್ರೆಯ ದಾರಿಯಲ್ಲಿ ಇರುವವರಿಗೆ ಬೋರಲು ಮಲಗುವುದೂ ನೆರವಾಗುತ್ತದೆ. ಬೆನ್ನ ಕಡೆಯ ಗಾಳಿಚೀಲಗಳು ತೆರೆದುಕೊಳ್ಳುತ್ತವೆ. ಗರ್ಭಿಣಿಯರು ಹಾಗೆ ಮಲಗಬಾರದು.

ಜ್ವರ ಬಿಟ್ಟು, ಎರಡು ಮೂರು ದಿನ ಎದ್ದು ಓಡಾಡಿ, ಮತ್ತೆ ಚಳಿಜ್ವರ ಬಂದು ಹಳದಿ ಕಫ ಬಿದ್ದರೆ ಬಹಳ ಎಚ್ಚರ. ವೈರಾಣು ಕೆಡಿಸಿಹೋದ ಒಳಮೈಯಲ್ಲಿ ಬ್ಯಾಕ್ಟೀರಿಯಾ ಬೇರೂರಿರಬಹುದು. ನಮ್ಮ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದ 1918ರಲ್ಲಿ ಬಂದ ಇನ್‌ಫ್ಲುಯೆಂಜಾವನ್ನು ಹತ್ತು ವರ್ಷದ ಹುಡುಗಿಯಾಗಿ ಕಂಡ ನನ್ನ ಅಜ್ಜಿ, ‘ಜ್ವರಾ ಬಿಟ್ಟು ಉಂಡವರೂ ಮರುವಾರ ಹೋದರು’ ಎನ್ನುತ್ತಿದ್ದಳು. ಆ ಸಾವುಗಳಲ್ಲಿ ಹೆಚ್ಚಿನವು ಹೀಗೆ ಹಿಂದಿನಿಂದ ಬಂದ ನ್ಯುಮೋನಿಯಾದಿಂದಲೇ ಆದವು. ಇವತ್ತು ಅದಕ್ಕೆ ಔಷಧವಿದೆ. ಈ ಎರಡನೆಯ ಜ್ವರಕ್ಕೆ ಆ್ಯಂಟಿಬಯೋಟಿಕ್ ಬೇಕಾಗುತ್ತದೆ, ವೈದ್ಯರು ನೋಡಿ ಕೊಡುತ್ತಾರೆ.

ಗುಣವಾದ ಮೇಲೂ ಒಣಕೆಮ್ಮು ಮೂರರಿಂದ ಎಂಟು ವಾರ ಇರಬಹುದು. ಒಳಮೈ ಹೊಸದಾಗಿ ಬೆಳೆಯಬೇಕಲ್ಲ. ಜೋಳದ ರಾಶಿಯ ಧೂಳಿಗೆ ಆ ದಿನಗಳಲ್ಲಿ ಹೋಗಬೇಡಿ. ದಮ್ಮು ಇದ್ದವರು ಇನ್ಹೇಲರ್ ಬಿಡಬಾರದು. ನೆಗಡಿಯ ವೈರಾಣುವೇ ದಮ್ಮು ಕೆರಳಿಸುವುದರಲ್ಲಿ ಮುಂದು.

ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದಿಂದ ಮಕ್ಕಳನ್ನು ಕಾಯುವ ನ್ಯುಮೋಕಾಕಲ್ ಲಸಿಕೆ ಸರ್ಕಾರದಿಂದ ಉಚಿತ, ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ. ವಲಸೆ ಹೋದ ಮನೆಯವರು ತಾಯಿ ಕಾರ್ಡನ್ನು ಜೊತೆಗೇ ಒಯ್ದರೆ ಯಾವ ಊರಿನಲ್ಲೂ ಹಾಕಿಸಬಹುದು. ವಯಸ್ಸಾದವರು, ಗರ್ಭಿಣಿಯರು, ದಮ್ಮು ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

108ಕ್ಕೆ ಫೋನ್ ಮಾಡುವಾಗ ‘ಭಾಳ ಸೀರಿಯಸ್ ಐತಿ’ ಎಂದಷ್ಟೇ ಹೇಳಬೇಡಿ. ವಯಸ್ಸು, ನಿಮಿಷಕ್ಕೆ ಎಷ್ಟು ಉಸಿರು, ಪಕ್ಕೆ ಎಳೆಯುತ್ತಿದೆಯೇ, ಹಾಲು ಕುಡಿಯುತ್ತಿದೆಯೇ, ಈ ನಾಲ್ಕನ್ನು ಹೇಳಿ. ಹೊಲದ ಜೋಪಡಿಯಾದರೆ ಊರಿನ ಹೆಸರಿನ ಜೊತೆ ಕಾಲುವೆ, ಗುಡಿ, ತೂಕದ ಕಟ್ಟೆ ಯಾವುದಾದರೂ ಒಂದು ಗುರುತು ಹೇಳಿ, ಒಬ್ಬರನ್ನು ಬ್ಯಾಟರಿ ಕೊಟ್ಟು ಡಾಂಬರು ರಸ್ತೆಗೆ ನಿಲ್ಲಿಸಿ. ಎಣಿಸಿ ಬರೆದ ಚೀಟಿಯಲ್ಲಿ ಹೊತ್ತೂ ಇರಲಿ, ಅದನ್ನು ಮಗುವಿನ ಜೊತೆಗೇ ಕಳಿಸಿ.